ಲಾರಿ ಕಂಪನಿಯ ಯಂತ್ರ ನಿಲ್ಲುತ್ತಿದ್ದ ಮಳೆಗಾಲ

ಮೊದಲಿಗೇ ಒಂದು ಅರಿಕೆ. ನಾನು ಶಾಲೆಯಲ್ಲಿ ಕನ್ನಡ ಕಲಿತದ್ದು ಐದನೆಯ ತರಗತಿಯವರೆಗೆ ಮಾತ್ರ. ಅನಂತರದ ಓದೆಲ್ಲ ಮದರಾಸಿನಲ್ಲಿ, ಬೇರೆ ಭಾಷೆಗಳಲ್ಲಿ ನಡೆಯಿತು. ಆದುದರಿಂದ ಈ ಬರಹದಲ್ಲಿ ಎಲ್ಲಿಯಾದರೂ ವಾಕ್ಯ ಎಡವಿದ್ದರೆ, ಕಂಪ್ಯೂಟರಿನ ಸಂಗತಿಯನ್ನು ಅಗತ್ಯಕ್ಕಿಂತ ಹೆಚ್ಚು ವಿವರಿಸಿದ್ದರೆ ಅಥವಾ ವಿವರಿಸಬೇಕಾದಲ್ಲಿ ಸುಮ್ಮನಿದ್ದರೆ, ಓದುವವರು ಮನ್ನಿಸಬೇಕು. ಇನ್ನೊಂದು ಕೊರತೆಯನ್ನೂ ಮುಚ್ಚಿಡಲಾರೆ. ಆ ವರ್ಷ ನಡೆದದ್ದರ ಅರ್ಥ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ಪೂರ್ತಿಯಾಗಿ ತಿಳಿದಿಲ್ಲ. ತಿಳಿದ ಮೇಲೆ ಬರೆಯೋಣವೆಂದು ಕಾದರೆ ಬರೆಯುವುದೇ ಆಗಲಿಕ್ಕಿಲ್ಲ ಎಂಬ ಭಯದಿಂದ ಈಗಲೇ ಕುಳಿತಿದ್ದೇನೆ.

ಕಳೆದ ಮಳೆಗಾಲದಲ್ಲಿ ಬಂಧುಗಳೊಬ್ಬರ ಮನೆಗೆಂದು ಮದರಾಸಿನ ಹೊರವಲಯದ ಅಂಬತ್ತೂರಿನ ಕೈಗಾರಿಕಾ ಬಡಾವಣೆಯನ್ನು ಹಾದುಹೋಗಬೇಕಾಯಿತು. ರಸ್ತೆಯಲ್ಲಿ ನೀರು ನಿಂತಿದ್ದರಿಂದ ಕಾರು ನಿಧಾನವಾಗಿ ಸಾಗುತ್ತಿತ್ತು. ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿದೆ. ಲೇತ್ ಯಂತ್ರಗಳಿಗೆ ಸುರಿಯುವ ಎಣ್ಣೆಯ ವಾಸನೆ ಒದ್ದೆ ಗಾಳಿಯೊಂದಿಗೆ ಒಳಕ್ಕೆ ಬಂತು. ನಾನು ಮೊದಲು ಕೆಲಸ ಮಾಡಿದ ಕಟ್ಟಡ ಈಗ ಯಾವುದೋ ಪಾರ್ಸೆಲ್ ಕಂಪನಿಯ ಗೋದಾಮಾಗಿದೆ; ಮೊದಲ ನೋಟಕ್ಕೆ ಗುರುತೇ ಹತ್ತಲಿಲ್ಲ. ಆದರೆ ಆ ವಾಸನೆ ಮೂಗಿಗೆ ಬಡಿದ ಕೂಡಲೇ, ಬಸ್ಸಿನಿಂದ ಇಳಿದು, ಸೀರೆಯ ಅಂಚನ್ನು ಎತ್ತಿಹಿಡಿದು, ಕೆಸರು ದಾಟಿ, "ಇಂದು ಆ ಯಂತ್ರ ನಿಲ್ಲದಿರಲಿ" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಡೆದ ಬೆಳಗುಗಳು ನೆನಪಾದವು.

ಎಂಬತ್ತರ ದಶಕದ ನಡುವಿನ ಮಾತು. ಆಗ ನಮ್ಮ ಮನೆಯೆಂದರೆ ಕೀಲ್ಪಾಕಿನ ಒಂದು ಉಡುಪಿ ಹೋಟೆಲಿನ ಮಹಡಿಯ ಹಿಂಬದಿಯ ಕೋಣೆ. ಅಪ್ಪ ಆ ಹೋಟೆಲಿನಲ್ಲಿ ದೋಸೆಯ ಕಲ್ಲಿನ ಮುಂದೆ ನಿಲ್ಲುವವರು. ಕುಂದಾಪುರದ ಕಡೆಯಿಂದ ಅವರು ಹುಡುಗರಾಗಿದ್ದಾಗಲೇ ಬಂದಿದ್ದರು. ಅಮ್ಮ, ನಾನು ಮತ್ತು ತಂಗಿ ಶಾಲಿನಿ ಬಹಳ ವರ್ಷಗಳ ಮೇಲೆ ಬಂದೆವು. ಕೆಲಸಗಾರರಲ್ಲಿ ಹೆಚ್ಚಿನವರು ಸಂಸಾರವನ್ನು ಊರಿನಲ್ಲೇ ಬಿಟ್ಟವರು. ಅಪ್ಪನಿಗೆ ಮಾತ್ರ ಹೋಟೆಲಿನ ಧಣಿಗಳು, ಹಳೆಯ ಕೆಲಸಗಾರರೆಂಬ ಕಾರಣಕ್ಕೆ, ಆ ಕೋಣೆಯನ್ನು ಕೊಟ್ಟಿದ್ದರು. ನಾನು ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಕಂಪ್ಯೂಟರಿನ ಒಂದು ಡಿಪ್ಲೊಮಾ ಪಡೆದೆ. ನಮ್ಮ ಎರಡೂ ಕಡೆಯ ಮನೆತನಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಂಬತ್ತೂರಿನಲ್ಲಿ ಕಂಪ್ಯೂಟರು ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ನನಗೆ ಟ್ರೇನಿ ಎಂದು ಕೆಲಸ ಸಿಕ್ಕಿತು. ಒಂದು ವರ್ಷ ನೋಡಿ, ಒಪ್ಪಿಗೆಯಾದರೆ ಖಾಯಂ ಮಾಡುವುದೆಂದು ಪತ್ರದಲ್ಲಿತ್ತು. ಒಪ್ಪಿಗೆಯಾಗದಿದ್ದರೆ ಏನೆಂದು ಪತ್ರ ಹೇಳಿರಲಿಲ್ಲ. ಅದನ್ನು ನಾನೇ ಪ್ರತಿದಿನ ಊಹಿಸಿಕೊಳ್ಳುತ್ತಿದ್ದೆ.

ಆ ವರ್ಷ ನವರಾತ್ರಿಗೆ ಸ್ವಲ್ಪ ಮೊದಲು ಧಣಿಗಳು ಅಪ್ಪನನ್ನು ಕರೆದು, ಪೊಂಗಲ್ ಕಳೆದ ಮೇಲೆ ಮಹಡಿಯಲ್ಲಿ ಲಾಡ್ಜಿನ ಕೋಣೆಗಳನ್ನು ಕಟ್ಟಿಸುವುದಾಗಿ ಹೇಳಿದರು. ಅಪ್ಪ ಬೇಕಾದರೆ ಕೆಳಗೆ ಹುಡುಗರ ಜೊತೆ ಮಲಗಬಹುದು, ಸಂಸಾರಕ್ಕೆ ಬೇರೆ ಏರ್ಪಾಡು ಆಗಬೇಕು. ವಿಲ್ಲಿವಾಕ್ಕದಲ್ಲಿ ಎರಡು ಕೋಣೆಯ ಒಂದು ಮನೆ ಬಾಡಿಗೆಗಿತ್ತು. ಅದರ ಒಡೆಯರು ನಿವೃತ್ತ ರೈಲ್ವೆ ಗುಮಾಸ್ತರು. ಹೋಟೆಲಿನವರು ಇಂದು ಇಲ್ಲಿ, ನಾಳೆ ಇನ್ನೊಂದು ಊರಿನಲ್ಲಿ, ಆದ್ದರಿಂದ ಮಗಳ ಕೆಲಸ ಖಾಯಂ ಆದ ಪತ್ರ ತೋರಿಸಿದರೆ ಮನೆ ಕೊಡುತ್ತೇನೆ ಎಂದರು. ಪತ್ರ ಬಾರದಿದ್ದರೆ ಅಮ್ಮ, ತಂಗಿ, ನಾನು ಊರಿಗೆ ಹೋಗುವುದೆಂದು ಅಪ್ಪ ಹೇಳಿದರು. ಶಾಲಿನಿ ಆಗ ಹತ್ತನೆಯ ತರಗತಿ. ಮೂರು ವರ್ಷದ ಮಗುವಾಗಿ ಮದರಾಸಿಗೆ ಬಂದ ಅವಳಿಗೆ ನಮ್ಮ ಮಾತು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ಕನ್ನಡದ ಅಕ್ಷರ ಒಂದನ್ನೂ ಓದಲಾರಳು.

"ಊರ ಶಾಲೆಗೆ ಹಾಕಿದ್ರೆ ಇದು ಮತ್ತೆ ಒಂದನೇ ಕ್ಲಾಸಿಂದ ಶುರು ಮಾಡ್ಕ್ ಮಾರಾಯ್ತಿ" ಎಂದು ಅಪ್ಪ ನಗಿಸಲು ನೋಡಿದರು.

ಶಾಲಿನಿ ನಗಲಿಲ್ಲ. "ನಾನ್ ಪೋಗಮಾಟ್ಟೇನ್" ಎಂದಳು. ಹೋಗುವುದಿಲ್ಲವೆಂದು. ಹೇಳಿದ್ದು ಅಪ್ಪನಿಗೆ, ನೋಡಿದ್ದು ನನ್ನನ್ನು.

ಇನ್ನು ಕಂಪನಿಯ ಸಂಗತಿ. ಕಂಪ್ಯೂಟರಿನಲ್ಲಿ ನಡೆಯುವ ಎಲ್ಲ ಕೆಲಸಗಳ ಅಡಿಯಲ್ಲಿ ಕರ್ನಲ್ ಎಂಬುದೊಂದು ಇರುತ್ತದೆ. ಆಪರೇಟಿಂಗ್ ಸಿಸ್ಟಮಿನ ತಿರುಳು ಅದು. ಯಾರಿಗೆ ಎಷ್ಟು ಹೊತ್ತು ಯಂತ್ರವನ್ನು ಬಿಟ್ಟುಕೊಡಬೇಕು, ಯಾವ ಅಕ್ಷರ ಡಿಸ್ಕಿನ ಯಾವ ಜಾಗಕ್ಕೆ ಹೋಗಬೇಕು ಎಂಬುದನ್ನೆಲ್ಲ ಅದು ನಡೆಸುತ್ತದೆ. ಬೇರೆ ಯಾವುದೇ ಪ್ರೋಗ್ರಾಮು ಕೆಟ್ಟರೆ ಕರ್ನಲ್ ಅದನ್ನು ಹೊರಗೆ ಹಾಕುತ್ತದೆ. ಕರ್ನಲ್ಲೇ ಕೆಟ್ಟರೆ ಕೇಳುವವರಿಲ್ಲ. ಅದಕ್ಕಾಗಿ ಕರ್ನಲನ್ನು ಕಟ್ಟುವಾಗಲೇ ಅದರೊಳಗೆ ಡಿಬಗರ್ ಎಂಬ ಒಂದು ಸಣ್ಣ ಪರೀಕ್ಷಕನನ್ನು ಸೇರಿಸುವ ರೂಢಿಯಿತ್ತು. ಕರ್ನಲ್ ಎಲ್ಲಿಯಾದರೂ ಮುಗ್ಗರಿಸಿದರೆ ಡಿಬಗರ್ ಎದ್ದು ಯಂತ್ರವನ್ನು ಇದ್ದಲ್ಲೇ ನಿಲ್ಲಿಸಿ, ಮುಖ್ಯ ಟರ್ಮಿನಲ್ಲಿನ ಪರದೆಯ ಮೇಲೆ ಒಂದು ಗುರುತು ತೋರಿಸಿ, ಏನನ್ನು ನೋಡಬೇಕೆಂದು ಕಾದುಕೊಂಡಿರುತ್ತಿತ್ತು. ನಮಗೇ ನೋಡಬೇಕೆನಿಸಿದಾಗ ಆ ಟರ್ಮಿನಲ್ಲಿನ ಬ್ರೇಕ್ ಎಂಬ ಗುಂಡಿಯನ್ನು ಒತ್ತಿದರೂ ಸಾಕು, ಹಾಗೆಯೇ ನಿಂತು ಅದೇ ಗುರುತನ್ನು ತೋರಿಸುತ್ತಿತ್ತು. ನೋಡಿ ಮುಗಿದ ಮೇಲೆ ಒಂದು ಅಕ್ಷರ ಒತ್ತಿದರೆ ಏನೂ ಆಗದಂತೆ ಮುಂದುವರಿಯುತ್ತಿತ್ತು. ಆದರೆ ಆ ಅಕ್ಷರ ಯಾವುದೆಂದು ಗೊತ್ತಿರಬೇಕು.

ಕರ್ನಲ್ ವಿಭಾಗದ ಮುಖ್ಯಸ್ಥರು ಶೇಷಾದ್ರಿಯವರು. ಅವರ ಮನೆತನ ಮೈಸೂರು ಕಡೆಯದು, ತಲೆಮಾರುಗಳಿಂದ ತಿರುವಲ್ಲಿಕೇಣಿಯಲ್ಲಿ ನೆಲೆಸಿದವರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಗಿರಾಕಿಗಳ ಯಂತ್ರಗಳನ್ನು ನೋಡಿಕೊಳ್ಳುವ ಸರ್ವಿಸ್ ವಿಭಾಗದ ಮುಖ್ಯಸ್ಥರು ಥಾಮಸ್ ಎಂಬವರು. ಬಂದರಿನ ಕಡೆಯ ಪ್ಯಾರಿಸ್ ಕಾರ್ನರ್ ಬಳಿಯ ಒಂದು ಲಾರಿ ಸಾಗಣೆ ಕಂಪನಿ ನಮ್ಮ ಹೊಸ ಯಂತ್ರವನ್ನು ಕೊಂಡಿತು. ಅದಕ್ಕೆ ಕರ್ನಲ್ ಕಟ್ಟಿ ಸಿದ್ಧಪಡಿಸುವ ಕೆಲಸ ನನಗೆ ಬಂತು. ಕಟ್ಟುವ ಮೊದಲು, ಡಿಬಗರ್ ಒಳಗಿರಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿತು. ಅದು ಒಂದು ಸಾಲನ್ನು ಇಡುವ ಅಥವಾ ಅಳಿಸುವ ಕೆಲಸ. ಆ ಒಂದು ಸಾಲಿನ ಮೇಲೆ ಇಬ್ಬರು ಹಿರಿಯರು ನನ್ನ ಮೇಜಿನ ಎರಡು ಬದಿಗಳಲ್ಲಿ ನಿಂತು ವಾದಿಸಿದರು.

ಥಾಮಸರ ವಾದ ಇಂಗ್ಲಿಷಿನಲ್ಲಿ, ಚುರುಕಾಗಿ ಸಾಗಿತು. ಡಿಬಗರ್ ಇದ್ದರೆ ಅಷ್ಟು ಮೆಮೊರಿ ವ್ಯರ್ಥ. ಇಲ್ಲದಿದ್ದರೆ ಯಂತ್ರ ಮುಗ್ಗರಿಸಿದಾಗ ತಾನಾಗಿ ಮತ್ತೆ ಶುರುವಾಗುತ್ತದೆ, ಗಿರಾಕಿಯ ಕೆಲಸ ನಡೆಯುತ್ತದೆ. ಇದ್ದರೆ ಅದು ಯಾವುದೋ ಗುರುತು ತೋರಿಸಿ ಎಮ್ಮೆಯ ಹಾಗೆ ನಿಂತುಬಿಡುತ್ತದೆ. ಆಗ ಗಿರಾಕಿ ಕೂಗುವುದು ತನ್ನ ಹೆಸರನ್ನು, ಶೇಷಾದ್ರಿಯ ಹೆಸರನ್ನಲ್ಲ. ಅಲ್ಲದೆ ಆ ಟರ್ಮಿನಲ್ಲಿನ ಮುಂದೆ ಕುಳಿತ ಯಾರು ಬೇಕಾದರೂ ಕರ್ನಲ್ಲಿನ ಹೊಟ್ಟೆಯೊಳಗೆ ಕೈ ಹಾಕಬಹುದು.

ಶೇಷಾದ್ರಿಯವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅದು ಒಳಗೇ ಇರಟ್ಟುಂ ಜಲಜಾ. ಮಗು ಹುಟ್ಟಿ ಇನ್ನೂ ನೆಟ್ಟಗೆ ಕಣ್ಣು ಬಿಟ್ಟಿಲ್ಲ, ಅಷ್ಟರಲ್ಲಿ ಡಾಕ್ಟರನ್ನ ಮನೆಗೆ ಕಳ್ಸಿಬಿಡೋದಾ?" ಎಂದರು. ಕರ್ನಲ್ ಅವರ ವಿಭಾಗದ್ದಾದ್ದರಿಂದ ಅವರ ಮಾತೇ ನಡೆಯಿತು. ಥಾಮಸರು ನನ್ನನ್ನು ನೋಡಿ, "ನೆನಪಿರಲಿ, ಇದನ್ನು ಕಟ್ಟಿದ್ದು ನೀವು" ಎಂದು ಹೇಳಿಹೋದರು. ನನಗೆ ಇಬ್ಬರ ಮಾತೂ ಸರಿಯೆನಿಸಿತ್ತು. ಇಬ್ಬರೂ ಸರಿಯಾಗಿರುವುದು ಸಾಧ್ಯವಿಲ್ಲವೆಂದೂ, ನನ್ನ ಓದು ಕಡಿಮೆಯಾಗಿದೆಯೆಂದೂ ಭಾವಿಸಿ ಬಸ್ಸಿನಲ್ಲಿ ಕೈಪಿಡಿ ಓದುತ್ತ ಮನೆಗೆ ಹೋದೆ.

ನವರಾತ್ರಿಯ ಆರಂಭದಲ್ಲಿ ಯಂತ್ರವನ್ನು ಅಲ್ಲಿ ಸ್ಥಾಪಿಸಿದೆವು. ಆಯುಧಪೂಜೆಯ ದಿನ ಮದರಾಸಿನಲ್ಲಿ ಲೇತಿನಿಂದ ಬೆರಳಚ್ಚು ಯಂತ್ರದವರೆಗೆ ಯಾವ ಸಲಕರಣೆಗೂ ಕೆಲಸವಿಲ್ಲ. ನಮ್ಮಲ್ಲಿಯೂ ಎಲ್ಲವನ್ನೂ ಒರೆಸಿ, ಗಂಧ ಕುಂಕುಮವಿಟ್ಟು, ಮಂಡಕ್ಕಿ ಕಡಲೆ ಹಂಚಿದರು. ವಿಜಯದಶಮಿ ಕಳೆದು ಕಚೇರಿ ತೆರೆದ ದಿನವೇ ಲಾರಿ ಕಂಪನಿಯಿಂದ ದೂರವಾಣಿ ಬಂತು. ಯಂತ್ರ ನಿಂತಿದೆ.

ಅಲ್ಲಿನ ಆಪರೇಟರ್ ವಸಂತಾ ಎಂಬ ನಡುವಯಸ್ಸಿನ ಹೆಂಗಸು. ಬೆರಳಚ್ಚುಗಾರ್ತಿಯಾಗಿದ್ದು ಕಂಪ್ಯೂಟರಿಗೆ ಬಂದವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. "ನಿನ್ನುಪೋಚು ಮಾ" ಎಂದು ಅವರು ಪರದೆಯ ಕಡೆ ಕೈ ತೋರಿದರು. ನಿಂತುಹೋಯಿತಮ್ಮಾ ಎಂದು. ಡಿಬಗರಿನ ಗುರುತು ಅಲ್ಲಿ ಮಿನುಗುತ್ತಿತ್ತು. ಕರ್ನಲ್ ಆ ಕ್ಷಣದಲ್ಲಿ ಎಲ್ಲಿತ್ತು, ಅಲ್ಲಿಗೆ ಯಾವ ದಾರಿಯಿಂದ ಬಂದಿತ್ತು ಎಂಬುದನ್ನು ತೋರಿಸುವಂತೆ ಕೇಳಿದೆ. ಏನೂ ಕೆಲಸವಿಲ್ಲದೆ ಸುಮ್ಮನೆ ಕಾಯುವ ಜಾಗದಲ್ಲಿತ್ತು. ಸುಮ್ಮನೆ ನಿಂತಿದ್ದವನು ಮುಗ್ಗರಿಸುವುದು ಹೇಗೆ? ಎಲ್ಲವನ್ನೂ ಬರೆದುಕೊಂಡು, ಯಂತ್ರವನ್ನು ಮತ್ತೆ ಶುರುಮಾಡಿ ಬಂದೆ.

ಅದಾದ ಮೇಲೆ ನಿಲ್ಲುವುದು ನಿಲ್ಲಲೇ ಇಲ್ಲ. ಕೆಲವು ದಿನ ಚೆನ್ನಾಗಿಯೇ ನಡೆಯುತ್ತಿತ್ತು, ಮತ್ತೆ ಒಂದೇ ದಿನದಲ್ಲಿ ಹಲವು ಸಲ ನಿಲ್ಲುತ್ತಿತ್ತು. ಮಳೆ ಆಗ ಜೋರಾಗಿ ಹಿಡಿದಿತ್ತು. ಹಳಿಗಳ ಮೇಲೆ ನೀರು ನಿಂತು ಎಲೆಕ್ಟ್ರಿಕ್ ರೈಲು ನಡುದಾರಿಯಲ್ಲಿ ಕಾಯುತ್ತಿತ್ತು. ನಾನು ನೆನೆದ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಆ ಕಾರಣ ಈ ಕಾರಣವೆಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ. ಒಮ್ಮೆ ಕರ್ನಲ್ ನಿಂತದ್ದು ಡಿಸ್ಕಿಗೆ ಬರೆಯುವಲ್ಲಿ, ಒಮ್ಮೆ ಪ್ರಿಂಟರಿಗೆ ಕಳಿಸುವಲ್ಲಿ, ಒಮ್ಮೆ ಗಡಿಯಾರದ ಹತ್ತಿರ. ಒಂದೇ ರೋಗವಾದರೆ ಒಂದೇ ಜಾಗದಲ್ಲಿ ನೋಯಬೇಕು. ಇಲ್ಲಿ ನೋವು ಊರೆಲ್ಲ ಸುತ್ತುತ್ತಿತ್ತು. ನಾನು ಹೋಗುವಷ್ಟರಲ್ಲಿ ಅಲ್ಲಿನವರು ಎಷ್ಟೋ ಸಲ ಸ್ವಿಚ್ಚು ಆರಿಸಿ ಹಾಕಿಬಿಡುತ್ತಿದ್ದರು. ಅದರಿಂದ ಬುಕಿಂಗಿನ ಒಂದಷ್ಟು ದಾಖಲೆಗಳು ಅಳಿಸಿಹೋಗಿ ಲಾರಿಗಳು ರಸ್ತೆಯಲ್ಲಿ ಸಾಲುಗಟ್ಟುತ್ತಿದ್ದವು. ಮುಂದುವರಿಸುವ ಅಕ್ಷರವನ್ನು ಹೇಳಿಕೊಡುತ್ತೇನೆಂದರೆ ಶೇಷಾದ್ರಿಯವರು ಬೇಡವೆಂದರು. ಅವರು ಮುಂದುವರಿಸಿಬಿಟ್ಟರೆ ಸಾಕ್ಷಿ ಹೋಗುತ್ತದೆ ಎಂದು ಅವರ ಚಿಂತೆ. ಥಾಮಸರು ಊಟದ ಕೋಣೆಯಲ್ಲಿ ನನ್ನನ್ನು ಕಂಡಾಗಲೆಲ್ಲ, "ನಿಮ್ಮ ಡಾಕ್ಟರು ಹೇಗಿದ್ದಾರೆ, ರೋಗಿಯ ಎದೆಯ ಮೇಲೆ ಇನ್ನೂ ಕುಳಿತೇ ಇದ್ದಾರೆಯೇ?" ಎಂದು ವಿಚಾರಿಸುತ್ತಿದ್ದರು.

ಮನೆಯಲ್ಲಿ ಅಮ್ಮ ಒಮ್ಮೆ ಕೇಳಿದಳು. "ಅದು ನಿಲ್ಲೂದು ಅಂದ್ರೆ ಹಾಳಾಪ್ದಾ, ಇಲ್ಲಾ ಸುಮ್ನೆ ನಿಲ್ಲೂದಾ?"

ಸುಮ್ಮನೆ ನಿಲ್ಲುತ್ತದೆ, ಯಾರಾದರೂ ಕೇಳಲಿ ಎಂದು ಕಾಯುತ್ತದೆ ಎಂದೆ.

"ಹಾಂಗಾರೆ ಕೇಂಬುಕಾಗ್ದಾ?" ಎಂದಳು. ಕೇಳುತ್ತಲೇ ಇದ್ದೇನೆ ಅಮ್ಮ, ದಿನಕ್ಕೊಂದು ಹೇಳುತ್ತದೆ ಎಂದಾಗ ಅಪ್ಪ ಮಗ್ಗುಲು ಬದಲಿಸುತ್ತ, ಹಾಗೆ ಹೇಳುವ ಸಪ್ಲೈಯರ್ ಒಬ್ಬ ತಮ್ಮಲ್ಲೂ ಇದ್ದಾನೆ ಎಂದರು.

ದೀಪಾವಳಿಯ ಹೊತ್ತಿಗೆ ಬೇರೊಂದು ಸಂಗತಿ ನಡೆಯಿತು. ಡಿಬಗರಿನ ಮೂಲಕ ಒಳಗಿನ ಎಣಿಕೆಗಳನ್ನು ನೋಡುತ್ತಿದ್ದಾಗ ಒಂದು ಎಣಿಕೆ ನನಗೆ ವಿಚಿತ್ರವೆನಿಸಿತು. ಡಿಸ್ಕಿಗೆ ಹೋಗುವ ಮಾಹಿತಿಯನ್ನು ಸ್ವಲ್ಪ ಹೊತ್ತು ಇರಿಸಿಕೊಳ್ಳಲು ಕರ್ನಲ್ಲಿನಲ್ಲಿ ಸಣ್ಣ ಸಣ್ಣ ಖಾನೆಗಳಿರುತ್ತವೆ. ಬಳಸಿದ ಖಾನೆ ಕೆಲಸ ಮುಗಿದ ಮೇಲೆ ಮರಳಬೇಕು. ಪ್ರಿಂಟು ಮಾಡುವುದನ್ನು ಯಾರಾದರೂ ನಡುವೆ ರದ್ದುಮಾಡಿದಾಗ ಒಂದು ಖಾನೆ ಮರಳುತ್ತಿರಲಿಲ್ಲ. ಹಾಗೆ ಎಲ್ಲ ಖಾನೆಗಳೂ ಹೋದರೆ ಒಂದಲ್ಲ ಒಂದು ದಿನ ಯಂತ್ರ ನಿಜವಾಗಿಯೂ ಉಸಿರುಗಟ್ಟಿ ನಿಲ್ಲುತ್ತದೆ. ನಾನು ಅದನ್ನು ಬರೆದು ತೋರಿಸಿದಾಗ ಶೇಷಾದ್ರಿಯವರು ಕುರ್ಚಿಯಿಂದ ಎದ್ದರು. "ಇವನೇ ಕಳ್ಳ. ಹಿಡ್ದುಬಿಟ್ಟೆ ನೋಡು" ಎಂದರು. ಆ ದೋಷವನ್ನು ಸರಿಪಡಿಸಿ ಹೊಸ ಕರ್ನಲ್ ಹಾಕಿದೆವು. ಮನೆಗೆ ಬಂದು ಹೇಳಿದೆ. ಅಪ್ಪ ಮರುದಿನವೇ ವಿಲ್ಲಿವಾಕ್ಕಕ್ಕೆ ಹೋಗಿ, ಪತ್ರ ಇನ್ನೇನು ಬರುತ್ತದೆ, ಮನೆಯನ್ನು ಬೇರೆಯವರಿಗೆ ಕೊಡಬೇಡಿ ಎಂದು ಹೇಳಿಬಂದರು. ಶಾಲಿನಿ ಅಲ್ಲಿಂದ ಶಾಲೆಗೆ ಯಾವ ಬಸ್ಸೆಂದು ವಿಚಾರಿಸಿಕೊಂಡಳು.

ಕೆಲವು ದಿನಗಳ ನಂತರ ಯಂತ್ರ ಮತ್ತೆ ನಿಂತಿತು.

ಅಂದೇ ಮತ್ತೆ ಪ್ಯಾರಿಸ್ ಕಾರ್ನರಿಗೆ ಹೋದೆ. ಡಿಬಗರ್ ತೋರಿಸಿದ್ದು ಮತ್ತೆ ಆ ಸುಮ್ಮನೆ ಕಾಯುವ ಜಾಗವನ್ನೇ. ನಾನು ಕಂಡುಹಿಡಿದ ದೋಷ ನಿಜವಾದದ್ದು, ಸರಿಪಡಿಸಿದ್ದೂ ನಿಜ, ಆದರೂ ಯಂತ್ರ ನಿಂತದ್ದು ಅದಕ್ಕಿಂತ ನಿಜ. ಯಂತ್ರವನ್ನು ಮುಂದುವರಿಸಿ, ಇಂದು ಇದು ನಿಲ್ಲುವುದನ್ನು ನನ್ನ ಕಣ್ಣಾರೆ ಕಾಣುವೆನೆಂದು ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕುಳಿತೆ. ಅದುವರೆಗೆ ಯಂತ್ರ ನಿಂತ ಮೇಲೆ ನಾನು ಬರುತ್ತಿದ್ದೆನೇ ಹೊರತು, ನಿಲ್ಲುವಾಗ ಅಲ್ಲಿರಲಿಲ್ಲ. ವಸಂತಕ್ಕ ಬುಕಿಂಗ್ ಚೀಟಿಗಳನ್ನು ನೋಡಿ ಒತ್ತುತ್ತಿದ್ದರು. ಚೀಟಿಗಳ ದಪ್ಪ ಕಟ್ಟು ಮುಗಿಯಿತು. ಅವರು ಇನ್ನೊಂದು ಕಟ್ಟನ್ನು ತೆಗೆದು ಕೀಬೋರ್ಡಿನ ಬಲಬದಿಗೆ ಧೊಪ್ಪನೆ ಇಟ್ಟರು. ಪರದೆಯ ಮೇಲೆ ಡಿಬಗರಿನ ಗುರುತು ಬಂತು.

ನಾನು ಪರದೆಯನ್ನು ನೋಡಲಿಲ್ಲ, ಕೀಬೋರ್ಡನ್ನು ನೋಡಿದೆ. ಬಲಭಾಗದ ಮೇಲ್ತುದಿಯ ಗುಂಡಿ ಉಳಿದವುಗಳಿಗಿಂತ ಕೂದಲೆಳೆಯಷ್ಟು ತಗ್ಗಿನಲ್ಲಿತ್ತು. ಬ್ರೇಕ್ ಗುಂಡಿ. ತಲೆಯಿಂದ ಹೇರ್‌ಪಿನ್ ತೆಗೆದು ಅದರ ಮುಚ್ಚಳವನ್ನು ಮೀಟಿದೆ. ಒಳಗೆ ಹಳದಿ ಬಣ್ಣದ ಗಂಧ ಗಟ್ಟಿಕಟ್ಟಿತ್ತು, ನಡುವೆ ಕುಂಕುಮದ ಕೆಂಪು. ಆಯುಧಪೂಜೆಯ ದಿನ ಎಲ್ಲ ಸಲಕರಣೆಗಳಿಗೂ ಮಾಡುವಂತೆ ಕೀಬೋರ್ಡಿನ ನಾಲ್ಕು ಮೂಲೆಗಳಿಗೂ ಗಂಧವನ್ನು ಧಾರಾಳವಾಗಿ ಮೆತ್ತಿದ್ದರು. ಮರುದಿನ ಮೇಲಿನದನ್ನು ಒರೆಸಿದರು. ನೀರಾಗಿದ್ದದ್ದು ಸಂದಿಯಲ್ಲಿ ಇಳಿದುಹೋಗಿತ್ತು. ಮಳೆಯ ತೇವದಲ್ಲಿ ಮೆತ್ತಗಾಗಿ, ಏಸಿಯ ಚಳಿಯಲ್ಲಿ ಗಟ್ಟಿಯಾಗಿ, ಅದು ಗುಂಡಿಯನ್ನು ಅರ್ಧಕ್ಕೆ ಹಿಡಿದಿಟ್ಟಿತ್ತು. ಮೇಜು ಅಲುಗಿದರೆ ಸಾಕು, ಯಾರೋ ಒತ್ತಿದಂತಾಗುತ್ತಿತ್ತು. ಬೇರೆ ಟರ್ಮಿನಲ್ಲುಗಳಿಗೂ ಗಂಧವಿಟ್ಟಿದ್ದರು, ಆದರೆ ಡಿಬಗರ್ ಕಿವಿಗೊಡುತ್ತಿದ್ದದ್ದು ಮುಖ್ಯ ಟರ್ಮಿನಲ್ಲಿನ ಗುಂಡಿಗೆ ಮಾತ್ರ. ಕರ್ನಲ್ ಯಾವತ್ತೂ ಮುಗ್ಗರಿಸಿರಲಿಲ್ಲ. ಮೇಜು ಅಲುಗಿದ ಕ್ಷಣದಲ್ಲಿ ಅದು ಎಲ್ಲಿತ್ತೋ ಅದನ್ನೇ ಪ್ರತಿ ಸಲವೂ ಪ್ರಾಮಾಣಿಕವಾಗಿ ತೋರಿಸುತ್ತಿತ್ತು.

ವಸಂತಕ್ಕ, "ನಾನ್ ದಾನ್ ವೆಚ್ಚೇನ್ ಮಾ" ಎಂದರು. ತಾನೇ ಇಟ್ಟದ್ದು ಎಂದು. ಮತ್ತೆ, "ಸಾಮಿ ಕುಂಕುಮಂ. ಅದಾಲೆಯಾ ನಿನ್ನುದು?" ಎಂದು ಕೇಳಿದರು. ದೇವರ ಕುಂಕುಮ, ಅದರಿಂದಲೇ ನಿಂತದ್ದೇ ಎಂದು. ಹೌದೆಂದರೂ ಪೂರ್ತಿ ಸರಿಯಲ್ಲ, ಅಲ್ಲವೆಂದರೂ ಸರಿಯಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಗುಂಡಿಯ ಒಳಗನ್ನು ಒರೆಸಿದೆ.

ಅಂಬತ್ತೂರಿಗೆ ಮರಳುವ ರೈಲಿನಲ್ಲಿ ಗೊಂದಲ ಕಡಿಮೆಯಾಗುವುದರ ಬದಲು ಹೆಚ್ಚಾಯಿತು. ಡಿಬಗರ್ ಒಳಗಿಲ್ಲದಿದ್ದರೆ ಆ ಗಂಧ ಯುಗಾದಿಯವರೆಗೆ ಅಲ್ಲೇ ಇದ್ದರೂ ಯಂತ್ರ ಒಂದು ಸಲವೂ ನಿಲ್ಲುತ್ತಿರಲಿಲ್ಲ. ಡಿಬಗರ್ ಒಳಗಿಲ್ಲದಿದ್ದರೆ ಆ ಖಾನೆಗಳ ದೋಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಎಂದೋ ಒಂದು ದಿನ ಎಲ್ಲ ದಾಖಲೆಗಳೊಂದಿಗೆ ಯಂತ್ರ ಕುಸಿಯುತ್ತಿತ್ತು. ತೊಂದರೆ ಕೊಟ್ಟದ್ದೂ ಅದೇ, ಕಾಪಾಡಿದ್ದೂ ಅದೇ. ಹಾಗಾದರೆ ನಾನು ಕಟ್ಟಿದ್ದು ಸರಿಯೋ ತಪ್ಪೋ?

ಮ್ಯಾನೇಜಿಂಗ್ ಡೈರೆಕ್ಟರ್ ಸಭೆ ಕರೆದರು. ನನ್ನ ವರ್ಷ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಖಾಯಂ ಮಾಡುವ ಕಾಗದಕ್ಕೆ ಶೇಷಾದ್ರಿ, ಥಾಮಸ್ ಇಬ್ಬರ ಒಪ್ಪಿಗೆಯೂ ಬೇಕಿತ್ತು. ಸಭೆಗೆ ಎರಡು ದಿನ ಮುಂಚೆ ಶೇಷಾದ್ರಿಯವರು ನನ್ನನ್ನು ಪಕ್ಕಕ್ಕೆ ಕರೆದರು. ಖಾನೆಗಳ ದೋಷವನ್ನು ಡಿಬಗರಿನಿಂದ ಕಂಡುಹಿಡಿದೆ ಎಂದರೆ ಸಾಕು, ಗಂಧದ ಕಥೆ ಬೇಡ ಎಂಬುದು ಅವರ ಸಲಹೆ. "ಅದನ್ನ ಹೇಳಿದ್ರೆ ನಾಳೆಯಿಂದ ಯಾವ ಕರ್ನಲ್ಲಲ್ಲೂ ಡಿಬಗರ್ ಇಡಕ್ಕೆ ಬಿಡಮಾಟ್ಟಾರ್" ಎಂದರು. ಬಿಡುವುದಿಲ್ಲವೆಂದು. ಥಾಮಸರು ಕಾರಿಡಾರಿನಲ್ಲಿ ನಿಲ್ಲಿಸಿ ಇದರ ತದ್ವಿರುದ್ಧವನ್ನು ಹೇಳಿದರು. ಗಂಧದ ಕಥೆಯನ್ನು ಯಾರು ಇಟ್ಟರೆಂಬ ಹೆಸರಿನೊಂದಿಗೆ ಹೇಳಬೇಕು; ಉಳಿದದ್ದನ್ನು ಎಳೆಯುವುದು ಬೇಡ.

ಸಭೆಯ ಹಿಂದಿನ ದಿನ ಮನೆಯಲ್ಲಿಯೂ ಇದೇ ಮಾತಾಯಿತು. ಅಪ್ಪ ಯಾರನ್ನೂ ಎದುರು ಹಾಕಿಕೊಳ್ಳಬೇಡ ಎಂದರು. ಇಬ್ಬರಲ್ಲಿ ಒಬ್ಬರನ್ನಾದರೂ ಎದುರು ಹಾಕಿಕೊಳ್ಳದೆ ದಾರಿಯಿಲ್ಲವೆಂದೆ. ಅಮ್ಮ ಮಾತ್ರ, "ಆ ಹೆಂಗ್ಸಿನ ಹೆಸ್ರು ಹೇಳ್ಬೇಡ ಮಗಾ. ಅವ್ಳು ಕೈ ಮುಗ್ದು ಇಟ್ಟದ್ದು" ಎಂದಳು.

ಸಭೆಯಲ್ಲಿ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಒಳಗೆ ಕುಳಿತಾಗ ಅವು ಎಲ್ಲಿ ಹೋದವೋ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಖಾನೆಗಳ ದೋಷವನ್ನೂ ಹೇಳಿದೆ, ಗಂಧವನ್ನೂ ಹೇಳಿದೆ. ಇಟ್ಟವರು ಯಾರೆಂದು ಥಾಮಸರು ಕೇಳಿದಾಗ, ಆ ಕೋಣೆಯಲ್ಲಿ ಪೂಜೆ ನಡೆದಿತ್ತು ಎಂದಷ್ಟೇ ಹೇಳಿದೆ. ನಮ್ಮ ಕಚೇರಿಯ ಕೀಬೋರ್ಡುಗಳ ಮೂಲೆಗಳಲ್ಲಿಯೂ ಗಂಧದ ಗುರುತಿದೆಯೆಂದು ಸೇರಿಸಿದೆ. ಮ್ಯಾನೇಜಿಂಗ್ ಡೈರೆಕ್ಟರರ ಕಣ್ಣು ಒಮ್ಮೆ ತಮ್ಮ ಮೇಜಿನ ದೂರವಾಣಿಗೆ ಅಂಟಿ ಉಳಿದಿದ್ದ ಗಂಧದ ಮೇಲೆ ಹರಿಯಿತು.

"ಹಾಗಾದರೆ ನಿಮ್ಮ ಅಭಿಪ್ರಾಯ ಹೇಳಿ, ಡಿಬಗರನ್ನು ಕರ್ನಲ್ಲಿನಲ್ಲಿ ಇಡಬೇಕೇ, ತೆಗೆಯಬೇಕೇ?" ಎಂದು ಅವರು ಕೇಳಿದರು.

ಇಬ್ಬರೂ ನನ್ನನ್ನು ನೋಡುತ್ತಿದ್ದರು. ಒಬ್ಬರ ಕಡೆ ವಾಲಿದರೆ ಅವರಾದರೂ ನನ್ನ ಪರವಾಗಿರುತ್ತಾರೆ ಎಂಬುದು ಗೊತ್ತಿತ್ತು. "ಗೊತ್ತಾಗುತ್ತಿಲ್ಲ ಸರ್" ಎಂದೆ. "ಇಟ್ಟದ್ದರಿಂದ ಯಂತ್ರ ನಿಂತಿತು. ಇಟ್ಟದ್ದರಿಂದಲೇ ಯಂತ್ರ ಉಳಿಯಿತು. ಇವೆರಡರಲ್ಲಿ ಯಾವುದು ದೊಡ್ಡದೆಂದು ತೀರ್ಮಾನಿಸುವುದು ನನಗೆ ತಿಳಿಯುತ್ತಿಲ್ಲ."

ಶೇಷಾದ್ರಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಶಾಲಿನಿಗೆ ಏನು ಹೇಳುವುದೆಂದು ನಾನು ಆಗಲೇ ಯೋಚಿಸತೊಡಗಿದ್ದೆ. ಮಾತನಾಡಿದ್ದು ಥಾಮಸರು. ಡಿಬಗರ್ ಒಳಗೇ ಇರಲಿ, ಆದರೆ ನಿದ್ರೆಯಲ್ಲಿರಲಿ ಎಂದರು. ಯಂತ್ರವನ್ನು ಶುರುಮಾಡುವಾಗಲೇ ನಮ್ಮವರು ಒಂದು ಪದ ಕೊಟ್ಟು ಎಬ್ಬಿಸಿದರೆ ಮಾತ್ರ ಅದು ಏಳಬೇಕು. ಉಳಿದಂತೆ ಬ್ರೇಕ್ ಗುಂಡಿಯನ್ನು ಸುತ್ತಿಗೆಯಿಂದ ಹೊಡೆದರೂ ಏಳಬಾರದು. ಅಷ್ಟು ಮೆಮೊರಿಯ ನಷ್ಟವನ್ನು ತಾವು ಸಹಿಸಿಕೊಳ್ಳುವುದಾಗಿ ಹೇಳಿ, ಶೇಷಾದ್ರಿಯವರ ಕಡೆ ನೋಡಿದರು. ಅಷ್ಟು ದಿನ ತೆಗೆಯಬೇಕೆಂದು ಹಠ ಹಿಡಿದವರು ಇಡುವ ದಾರಿಯನ್ನು ಏಕೆ ತೋರಿಸಿದರೋ ನನಗೆ ಅರ್ಥವಾಗಲಿಲ್ಲ. ಶೇಷಾದ್ರಿಯವರು ಕನ್ನಡಕವನ್ನು ಮತ್ತೆ ಹಾಕಿಕೊಂಡು, ಆಗಲಿ ಎಂದು ತಲೆಯಾಡಿಸಿದರು. ಥಾಮಸರು ಮತ್ತೆ, "ಈ ಹುಡುಗಿಯನ್ನು ಸರ್ವಿಸ್ ವಿಭಾಗಕ್ಕೆ ಕೊಡಿ. ಕರ್ನಲ್ ವಿಭಾಗದಲ್ಲಿ ಕೀಬೋರ್ಡನ್ನು ನೋಡುವವರು ಇವರೊಬ್ಬರೇ" ಎಂದರು. ಎಲ್ಲರೂ ನಕ್ಕರು. ಅದು ಹೊಗಳಿಕೆಯೋ ಶೇಷಾದ್ರಿಯವರಿಗೆ ಕೊಟ್ಟ ಚುಚ್ಚೋ ತಿಳಿಯದೆ ನಾನೂ ನಕ್ಕೆ.

ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಚಳಿ ಶುರುವಾದ ದಿನಗಳಲ್ಲಿ ಪತ್ರ ಬಂತು. ಖಾಯಂ ಆಗಿತ್ತು, ಸರ್ವಿಸ್ ವಿಭಾಗದಲ್ಲಿ. ಕರ್ನಲ್ ವಿಭಾಗದಿಂದ ನನ್ನನ್ನು ಹೊರಗೆ ಕಳಿಸಿದರೋ, ಗಿರಾಕಿಗಳ ಎದುರು ನಿಲ್ಲಬಲ್ಲವಳೆಂದು ಮೇಲೆ ತಂದರೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಶೇಷಾದ್ರಿಯವರು ಕೈಕುಲುಕಿ, "ಪರವಾಯಿಲ್ಲ, ಹೋಗಿ ಬಾ" ಎಂದರು. ಅವರು 'ಪರವಾಯಿಲ್ಲ' ಎಂದದ್ದು ನನಗೋ ತಮಗೋ ಎಂಬುದೂ ಉಳಿದುಕೊಂಡಿತು. ಅನಂತರ ಬಹಳ ವರ್ಷ ಈ ಕ್ಷೇತ್ರದಲ್ಲಿದ್ದೆ. ಡಿಬಗರನ್ನು ಒಳಗಿಡುವ ವಾದವನ್ನೂ ತೆಗೆಯುವ ವಾದವನ್ನೂ ಬೇರೆ ಬೇರೆ ಸಭೆಗಳಲ್ಲಿ ಕೇಳಿದೆ, ಪ್ರತಿ ಸಲವೂ ಮಾತನಾಡುತ್ತಿರುವವರೇ ಸರಿಯೆನಿಸಿತು.

ಕುಟುಂಬಕ್ಕೆ ಆದದ್ದನ್ನು ಇಷ್ಟೇ ಹೇಳಬಲ್ಲೆ. ಪೊಂಗಲಿನ ಮೊದಲು ನಾವು ವಿಲ್ಲಿವಾಕ್ಕದ ಮನೆಗೆ ಹೋದೆವು. ಬಾಡಿಗೆಯ ಕರಾರು ನನ್ನ ಹೆಸರಿನಲ್ಲಿ ಆಯಿತು. ಅಪ್ಪ ಸಾಕ್ಷಿಯಾಗಿ ಸಹಿ ಹಾಕಿದರು. ಶಾಲಿನಿ ತನ್ನ ಶಾಲೆಯಲ್ಲೇ ಹತ್ತನೆಯ ತರಗತಿ ಮುಗಿಸಿದಳು, ಮುಂದೆ ನರ್ಸಿಂಗ್ ಓದಿದಳು. ಹೋಟೆಲಿನ ಮಹಡಿಯಲ್ಲಿ ಒಲೆ ಹೊತ್ತಿಸಬಾರದೆಂಬ ನಿಯಮವಿದ್ದುದರಿಂದ ನಮ್ಮ ಊಟ ಅಷ್ಟು ವರ್ಷವೂ ಕೆಳಗಿನಿಂದ ಬರುತ್ತಿತ್ತು. ಮದರಾಸಿಗೆ ಬಂದು ಹನ್ನೆರಡು ವರ್ಷಗಳಾದ ಮೇಲೆ ಅಮ್ಮ ಆ ಮನೆಯಲ್ಲಿ ಮೊದಲ ಬಾರಿ ತನ್ನ ಕೈಯಾರೆ ಅಡುಗೆ ಮಾಡಿದಳು. ಉಪ್ಪು ಹೆಚ್ಚಾಗಿತ್ತು. ನಾಲ್ಕು ಜನರಿಗೆ ಎಷ್ಟು ಹಾಕಬೇಕೆಂಬುದು ತನಗೆ ಮರೆತುಹೋಗಿದೆ ಎಂದಳು. ಅಪ್ಪ ಅಂದು ರಜೆ ಹಾಕಿ ನಮ್ಮ ಜೊತೆ ನೆಲದ ಮೇಲೆ ಕುಳಿತು, ಬೇರೆಯವರು ಬಡಿಸಿದ ಊಟವನ್ನು ಉಂಡರು. ಹೋಟೆಲಿನಲ್ಲಿ ಅವರ ಊಟ ದೋಸೆಯ ಕಲ್ಲಿನ ಪಕ್ಕದಲ್ಲಿ ನಿಂತೇ ಮುಗಿಯುತ್ತಿತ್ತು; ಅವರು ಕುಳಿತು ಊಟ ಮಾಡುವುದನ್ನು ಶಾಲಿನಿ ನೋಡಿದ್ದು ಅದೇ ಮೊದಲು.